ಐದು ಕಿವಿಯ ಮಾತು

ಇಚಲಕರಂಜಿಯ ಆ ಓಣಿಯಲ್ಲಿ ಮೆಲ್ಲಗೆ ಮಾತಾಡಿ ಬದುಕಿದವರಿಲ್ಲ. ಎರಡೂ ಬದಿಯ ಶೆಡ್ಡುಗಳಲ್ಲಿ ವಿದ್ಯುತ್ ಮಗ್ಗಗಳು ಖಟಾಖಟ ಬಡಿದುಕೊಳ್ಳುತ್ತಿದ್ದರೆ ಗಂಡ ಹೆಂಡತಿ ಪ್ರೀತಿಯ ಮಾತನ್ನೂ ಕೂಗಿಯೇ ಆಡಬೇಕು. ಹಾಗಾಗಿ ವೃಷಾಲಿ ಶಾಲೆಯಿಂದ ಬಂದವಳು ಚಪ್ಪಲಿ ಬಿಡುವ ಮೊದಲೇ ಸುದ್ದಿ ಕೂಗಿದಾಗ, ಅದು ಒಳಗಿದ್ದ ಅತ್ತೆಗಿಂತ ಮುಂಚೆ ನಳದ ಕಟ್ಟೆಯಲ್ಲಿದ್ದ ಪಕ್ಕದ ಮನೆಯ ಮುಕ್ತಾಬಾಯಿಗೆ ಮುಟ್ಟಿತು.

“ಅತ್ತಿ, ನನಗ ಹೊಸಾ ವಿಷಯ ಕೊಟ್ಟಾರ್ರಿ! ಡಿಜಿಟಲ್ ನಾಗರಿಕತ್ವ!”

ಚೆನ್ನವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. “ಪಗಾರ ಹೆಚ್ಚ ಮಾಡ್ಯಾರೇನು?”

“ಇಲ್ರಿ.”

“ಹಂಗಾರ ಕೈ ತೊಳಕೊಂಡು ಬಾ. ಶೇಂಗಾ ಹಿಂಡಿ ಕುಟ್ಟೂದೈತಿ.”

ಹಿಂಡಿ ಕುಟ್ಟುತ್ತಲೇ ವೃಷಾಲಿ ಉಳಿದದ್ದನ್ನು ಹೇಳಿದಳು. ಫೋನು ಹಿಡಿದ ಮಕ್ಕಳು ಅದರಲ್ಲಿ ಮನುಷ್ಯರಂತೆ ನಡೆದುಕೊಳ್ಳುವುದು ಹೇಗೆ ಎಂದು ಕಲಿಸುವ ವಿಷಯ ಅದು. ಅವಳ ಕನ್ನಡ ಶಾಲೆಯ ಮುಖ್ಯಾಧ್ಯಾಪಕಿ ಉಜ್ವಲಾಬಾಯಿ ಅದನ್ನು ಅವಳಿಗೇ ವಹಿಸಿದ್ದರು. ಇಷ್ಟೇ ಅಲ್ಲ, ಒಂದು ಒಳ್ಳೆಯ ಪಾಠ ತಯಾರಿಸಿದರೆ ಕೋಲ್ಹಾಪುರದ ಶಿಕ್ಷಕರ ಸಮಾವೇಶದಲ್ಲಿ ಅದನ್ನು ತೋರಿಸಬಹುದು. ಅಲ್ಲಿ ಮೆಚ್ಚಿಗೆಯಾದವರು ಜಿಲ್ಲೆಯ ಎಲ್ಲ ಕನ್ನಡ ಶಾಲೆಗಳ ಮಾಸ್ತರರಿಗೆ ದಾರಿ ತೋರಿಸುವ ಮಾರ್ಗದರ್ಶಕ ಶಿಕ್ಷಕರಾಗುತ್ತಾರೆ.

“ಅಂದ್ರ ಮಾಸ್ತರಗೋಳಿಗೆ ಮಾಸ್ತರಾಗತೀ?” ಎಂದ ಗಂಡ ಅಪ್ಪು, ಆಗಷ್ಟೇ ಪಾಳಿ ಮುಗಿಸಿ ಕೂದಲಲ್ಲಿ ಹತ್ತಿಯ ಎಳೆ ಹೊತ್ತುಕೊಂಡು ಬಂದವನು.

“ಹೌದ್ರಿ! ಆದ್ರ ಆಗಬೇಕಲ್ಲ.”

“ಏನಂತ?” ಎಂದು ಬಾಗಿಲ ಬಳಿಯಿಂದ ಮಾವ ಯಮನಪ್ಪ ಕೇಳಿದ. ಆಯುಷ್ಯವೆಲ್ಲ ಮಗ್ಗದ ಮುಂದೆ ನಿಂತು ಅವನ ಎಡಗಿವಿ ಪೂರ್ತಿ, ಬಲಗಿವಿ ಅರ್ಧ ಹೋಗಿತ್ತು. ಅಪ್ಪು ಆ ಅರ್ಧ ಕಿವಿಗೆ ಬಾಯಿಟ್ಟು ಕೂಗಿದ. ಯಮನಪ್ಪ ತಲೆದೂಗಿ, “ಛಲೋ ಆತು. ರೊಟ್ಟಿ ಆಗ್ಯಾವೇನು?” ಎಂದ.

ಮುಂದಿನ ದಿನಗಳಲ್ಲಿ ವೃಷಾಲಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ, ಕುಂತಲ್ಲಿ ಕೂರಲಾಗಲಿಲ್ಲ. ಕಲಿಸಬೇಕು ಸರಿ, ಆದರೆ ಏನಿಟ್ಟುಕೊಂಡು ಕಲಿಸುವುದು? ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಇಂಗ್ಲಿಷಿನ ಪಾಠಗಳು ರಾಶಿ ರಾಶಿ. ಅವುಗಳ ತುಂಬ ಸ್ವಂತ ಕೋಣೆ, ಸ್ವಂತ ಲ್ಯಾಪ್‌ಟಾಪ್, ಪಕ್ಕದಲ್ಲೊಂದು ಜೂಲುನಾಯಿ ಇರುವ ಮಕ್ಕಳು. ಅವಳ ತರಗತಿಯ ಮಕ್ಕಳಿಗೆ ಮನೆಗೊಂದು ಫೋನು, ಅದೂ ಅಪ್ಪನ ಪಾಳಿ ಮುಗಿದ ಮೇಲೆ. ಮರಾಠಿಯ ಒಂದು ಪುಸ್ತಿಕೆ ಸಿಕ್ಕಿತು. ಅದರಲ್ಲಿ ಬರೀ ಪಾಸ್‌ವರ್ಡಿನ ಮಾತು. ಮೊದಲ ದಿನ ಹಲಗೆಯ ಮೇಲೆ ದೊಡ್ಡದಾಗಿ ‘ಡಿಜಿಟಲ್ ನಾಗರಿಕತ್ವ’ ಎಂದು ಬರೆದು ತಿರುಗಿದರೆ, ಮುಂದಿನ ಬೆಂಚಿನ ಹುಡುಗಿ ಎದ್ದು, “ಅಕ್ಕೋರ, ಇದಕ್ಕ ಆಧಾರ ಕಾರ್ಡ ತರಬೇಕೇನ್ರಿ?” ಎಂದು ಕೇಳಿದಳು.

“ನಮ್ಮ ಮಕ್ಕಳಿಗೆ ನಮ್ಮ ಉದಾಹರಣೀನ ಬೇಕು,” ಎಂದಳು ವೃಷಾಲಿ ಊಟಕ್ಕೆ ಕೂತಾಗ. “ಅದು ಎಲ್ಲೂ ಸಿಗವಲ್ಲದು.”

“ಸಂತ್ಯಾಗ ಹುಡುಕು,” ಎಂದಳು ಚೆನ್ನವ್ವ. ಎಂಟನೆಯ ತರಗತಿಯಲ್ಲಿದ್ದ ವೃಷಾಲಿಯ ಮಗಳು ಪ್ರಿಯದರ್ಶನಿ ಕಿಸಕ್ಕನೆ ನಕ್ಕಳು.

ಹುಡುಕಿದ್ದು ಎಲ್ಲೋ, ಸಿಕ್ಕಿದ್ದು ಕಾಲಡಿಯಲ್ಲಿ. ಅದು ಸಿಕ್ಕ ಬಗೆ ಮಾತ್ರ ಯಾರಿಗೂ ಬೇಡ.

ಚೆನ್ನವ್ವನ ತವರು ಗಡಹಿಂಗ್ಲಜದ ಆಚೆ, ಗುಡ್ಡದ ಬುಡದಲ್ಲಿರುವ ಕುರುಬರ ಹಟ್ಟಿ. ಅಲ್ಲಿ ಅವಳ ತಮ್ಮ ಮಲ್ಲಾರಿ ಇನ್ನೂ ಕುರಿ ಕಾಯುತ್ತಿದ್ದ. ತಾಯಿ ಸತ್ತಾಗ ಮಲ್ಲಾರಿಯನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಚೆನ್ನವ್ವನೇ. ಆದ್ದರಿಂದ ಅಕ್ಕ ಕೂತುಕೋ ಎಂದರೆ ಅವನು ಇಂದಿಗೂ ನಿಲ್ಲುವವನಲ್ಲ. ಅಪ್ಪು ತಾಯಿಗೆ ಫೋನು ಕೊಡಿಸಿದ್ದೇ ತಮ್ಮನೊಡನೆ ಮಾತಾಡಲಿ ಎಂದು. ಚೆನ್ನವ್ವನಿಗೆ ಓದು ಬಾರದು. ಆದರೆ ದನಿಯ ಸಂದೇಶ ಕೇಳುವುದು, ಅದನ್ನು ಇನ್ನೊಬ್ಬರಿಗೆ ದಾಟಿಸುವುದು ಮೊಮ್ಮಗಳಿಂದ ಎಂದೋ ಕಲಿತಿದ್ದಳು.

ಒಂದು ಶನಿವಾರ ಬೆಳಗ್ಗೆ ಅಪ್ಪು ಚಹಾ ಕುಡಿಯುತ್ತ, “ನಾಳೆ ಸೋದರಮಾವ ಕುರಿ ಹಿಂಡ ಪೂರಾ ಮಾರಾಕತ್ತಾನಂತ,” ಎಂದ.

ವೃಷಾಲಿಯ ಕೈಯಲ್ಲಿದ್ದ ಬಟ್ಟಲು ನಿಂತಿತು. “ಯಾಕಂತ?”

“ಅವ್ವ ಹೇಳ್ಯಾಳಂತ.”

ಚೆನ್ನವ್ವ ಸೆರಗು ಸರಿಪಡಿಸಿಕೊಂಡು ಕೂತಳು. “ನಾ ಯಾಕ ಹೇಳ್ಲಿ? ಬೀರಪ್ಪ ಹೇಳ್ಯಾನ. ಕೇಳ್ರಿ.” ಫೋನು ಒತ್ತಿದಳು. ಡೊಳ್ಳಿನ ಸದ್ದಿನ ಹಿಂದೆ ಒಂದು ಒರಟು ದನಿ ಎದ್ದಿತು: *ಹಟ್ಟಿ ಬರಿದಾದೀತು... ಕುರಿ ಕಾಲ ಮಡಚೀತು... ಕಾಯೂ ಕೈ ಬರೇ ಕೈ ಆದೀತು...* ಅಷ್ಟಕ್ಕೆ ನಿಂತಿತು.

“ಪೂಜಾರಿ ಹಾಲಸಿದ್ದನ ದನಿ,” ಎಂದಳು ಚೆನ್ನವ್ವ. “ಸಣ್ಣಾಕಿದ್ದಾಗಿಂದ ಕೇಳೇನಿ. ಬ್ಯಾನಿ ಬರತೈತಿ ಅಂತ ದೇವರ ಹೇಳಿದ ಮ್ಯಾಲ ಹಿಂಡ ಕಟಗೊಂಡು ಕುಂದರೂದೇನು? ತಮ್ಮನ ಬಾಯಾಗ ಮಣ್ಣ ಬೀಳೂ ಮೊದಲ ಮಾರ್ಲಿ ಅಂದೆ.”

“ಅತ್ತಿ, ಇದನ್ನ ಯಾರು ಕಳಿಸಿದ್ರು?”

“ಬೀಗರು ಕಳಿಸಿದ್ರು.”

“ಅವರಿಗೆ ಯಾರು?”

“ಅವರಿಗೆ ಇನ್ಯಾರೋ. ದೇವರ ಮಾತು ಹಿಂಗ ಊರಿಂದ ಊರಿಗೆ ಹೋಗೂದ.”

“ಮೂಲ ಯಾವುದು ಅಂತ ನೋಡಬೇಕ್ರಿ! ನಾ ಸಾಲ್ಯಾಗ ಅದನ್ನ ಕಲಸಾಕತ್ತೇನಿ...”

“ನಿನ್ನ ಸಾಲಿ ಸುಡ್ಲಿ! ನನ್ನ ತಮ್ಮನ ಬಾಳೇವು ಸಾಲೀ ಪಾಠ ಅಲ್ಲ.”

ವೃಷಾಲಿಗೆ ಸಿಟ್ಟು ನೆತ್ತಿಗೇರಿತು. ಆದರೆ ಮಲ್ಲಾರಿಯ ಗತಿ ನೆನೆದು ಇಳಿಯಿತು. ಮಲ್ಲಾರಿಗೆ ಕುರಿಯೇ ಹೊಲ, ಕುರಿಯೇ ಬ್ಯಾಂಕು. ಬೇಸಿಗೆಯಲ್ಲಿ ರೈತರು ತಮ್ಮ ಹೊಲದಲ್ಲಿ ಅವನ ಹಿಂಡು ನಿಲ್ಲಿಸಿಕೊಂಡು, ಗೊಬ್ಬರವಾಯಿತೆಂದು ಕಾಳು ಅಳೆದು ಕೊಡುತ್ತಿದ್ದರು. ಹಿಂಡು ಹೋದರೆ ಅವನಿಗೆ ಉಳಿಯುವುದು ಕಂಬಳಿ ಒಂದೇ.

“ನಾಳೆ ನಾವಿಬ್ರೂ ಹೋಗೂಣ್ರಿ,” ಎಂದಳು.

“ಹೋಗೂಣ. ಮಾರೂದು ಸರಿ ರೇಟಿಗೆ ಮಾರ್ಲಿ,” ಎಂದಳು ಚೆನ್ನವ್ವ.

ಹೀಗೆ ಒಬ್ಬಳು ಮಾರಿಸಲು, ಇನ್ನೊಬ್ಬಳು ನಿಲ್ಲಿಸಲು, ಒಂದೇ ಸೀಟಿನಲ್ಲಿ, ಹೆಂಗಸರಿಗಿರುವ ಅರ್ಧ ಟಿಕೀಟಿನ ಮೇಲೆ ಹೊರಟರು. ಕಾಗಲದಲ್ಲಿ ಬಸ್ಸು ಬದಲಿಸುವಾಗ ಚೆನ್ನವ್ವ ಕಾಂದಾಭಜಿ ಕೊಂಡು ಸೊಸೆಗೆ ಅರ್ಧ ಕೊಟ್ಟಳೇ ಹೊರತು ಮಾತು ಕೊಡಲಿಲ್ಲ. ವೃಷಾಲಿ ಆ ಧ್ವನಿಯನ್ನು ಕಿವಿಗೆ ಹಚ್ಚಿಕೊಂಡು ಮತ್ತೆ ಮತ್ತೆ ಕೇಳಿದಳು. ಚಿತ್ರವಾದರೆ ಮೂಲ ಹುಡುಕುವ ಉಪಾಯ ಪುಸ್ತಿಕೆಯಲ್ಲಿತ್ತು. ದೇವರ ದನಿಯ ಮೂಲ ಹುಡುಕುವ ಉಪಾಯ ಯಾವ ಪುಸ್ತಿಕೆಯಲ್ಲೂ ಇರಲಿಲ್ಲ.

ಹಟ್ಟಿ ಮುಟ್ಟುವಷ್ಟರಲ್ಲಿ ವ್ಯಾಪಾರಿಯ ಟೆಂಪೊ ಬಂದು ನಿಂತಿತ್ತು. ಕುರಿದೊಡ್ಡಿಯ ಬಾಗಿಲಿಗೆ ಅಡ್ಡವಾಗಿ ಮಲ್ಲಾರಿಯ ಹೆಂಡತಿ ಬಾಳಕ್ಕ ಕಾಲು ಚಾಚಿ ಕೂತಿದ್ದಳು. ಮಲ್ಲಾರಿ ದೂರದಲ್ಲಿ ರುಮಾಲು ಬಿಚ್ಚುವುದು, ಸುತ್ತುವುದು ಮಾಡುತ್ತಿದ್ದ. ಗಂಡನ ಅಕ್ಕನನ್ನು ಕಂಡದ್ದೇ ತಡ, ಬಾಳಕ್ಕನ ಬಾಯಿ ಅಗಸೆಬಾಗಿಲಾಯಿತು.

“ಬಾರವ್ವಾ, ಬಾ! ತಮ್ಮನ ಮನೀ ಬರಿದು ಮಾಡಿ ನೋಡಾಕ ಬಂದ್ಯಾ? ಯಾವ ನುಡಿ ಅದು? ಯಾರ ಕೇಳ್ಯಾರ?”

“ನಾನ ಕೇಳೇನಿ, ಈ ಕಿವಿಲೆ!”

“ನಿನ್ನ ಎರಡು ಕಿವಿ ಕಟಗೊಂಡು ಏನ ಮಾಡ್ಲಿ? ಐದು ಮಂದಿ ಹೆಸರ ಹೇಳು. ನಿನ್ನಪ್ಪನ ಹಟ್ಟಿ ರಿವಾಜು ನೀನ ಮರತ್ಯಾ?”

ವೃಷಾಲಿಗೆ ತಲೆಬುಡ ತಿಳಿಯಲಿಲ್ಲ.

“ಐದು ಮಂದಿ ಅಂದ್ರ ಏನ್ರಿ?” ಎಂದು ಮಲ್ಲಾರಿಯನ್ನು ಕೇಳಿದಳು.

ಅವನು ಹೇಳಿದ. ಆ ಹಟ್ಟಿಯಲ್ಲಿ ವರ್ಷಕ್ಕೊಮ್ಮೆ ಪೂಜಾರಿ ಕಂಬಳಿಯ ಮೇಲೆ ನಿಂತು ದೇವರ ನುಡಿ ಹೇಳುವಾಗ, ಐದು ಮನೆತನದ ಐವರು ಆ ಕಂಬಳಿಯ ಅಂಚು ಹಿಡಿದು ನಿಲ್ಲಬೇಕು. ನುಡಿ ಮುಗಿದ ಮೇಲೆ ಒಬ್ಬೊಬ್ಬರೂ ಕೇಳಿದ್ದನ್ನು ತಿರುಗಿ ಹೇಳಬೇಕು. ಐವರ ಮಾತೂ ಕೂಡಿದರೆ ಅದು ನುಡಿ. ಬೇರೆ ಊರಿಗೆ ಒಯ್ಯುವವನು ಆ ಐದು ಹೆಸರು ಸೇರಿಸಿಯೇ ಹೇಳಬೇಕು. ಹೆಸರಿಲ್ಲದ್ದು ಗಾಳಿಮಾತು.

“ಇದು ಗೊತ್ತಿದ್ದೂ ನೀವು...” ಎಂದು ವೃಷಾಲಿ ಅತ್ತೆಯ ಕಡೆ ತಿರುಗಿದಳು.

“ಯಾರೋ ಬಂದು ಬಾಯಿಲೆ ಹೇಳಿದ್ರ ಐದು ಹೆಸರ ಕೇಳತಿದ್ದೆ,” ಎಂದಳು ಚೆನ್ನವ್ವ ಸಣ್ಣ ದನಿಯಲ್ಲಿ. “ಇದು ಪೂಜಾರಿ ಸ್ವಂತ ದನಿ. ಎದರಿಗೆ ನಿಂತು ಹೇಳಿದಂಗ ಆತು. ಫೋನಿಗೆ ಯಾಕ ಸಾಕ್ಷಿ ಅಂತ ಬಿಟ್ಟೆ.”

ಹಾಲಸಿದ್ದ ಗುಡಿಯ ಹಿಂದೆಯೇ ಇದ್ದ. ಮುದುಕ ಚಹಾ ಬಸಿಯಲ್ಲಿ ಸುರಿದುಕೊಂಡು ಕುಡಿಯುತ್ತ ತನ್ನ ದನಿಯನ್ನೇ ತಾನು ಕೇಳಿದ. “ನಂದ ಐತಿ,” ಎಂದ. ಚೆನ್ನವ್ವ ಗೆದ್ದವಳಂತೆ ಎಲ್ಲರ ಮುಖ ನೋಡಿದಳು. “ಆದ್ರ ಈ ವರ್ಷದ್ದಲ್ಲ, ಹಳೇದು. ಮತ್ತ ಉಳಿದರ್ಧ ಎಲ್ಲೈತಿ?”

“ಉಳಿದರ್ಧ?” ಎಂದರು ಅತ್ತೆ ಸೊಸೆ ಇಬ್ಬರೂ ಒಟ್ಟಿಗೆ.

ಹಾಲಸಿದ್ದ ಬಸಿ ಕೆಳಗಿಟ್ಟು, ಕಣ್ಣು ಮುಚ್ಚಿ ಹೇಳಿದ: “*ಹಟ್ಟಿ ಬರಿದಾದೀತು, ಕುರಿ ಕಾಲ ಮಡಚೀತು, ಕಾಯೂ ಕೈ ಬರೇ ಕೈ ಆದೀತು. ಮಿರಗದ ಮಳಿ ಕಂಡು ಮರಿ ಮ್ಯಾಲ ಮರಿ ಬಿದ್ದೀತು, ಹಟ್ಟಿಗೆ ಬಾಗಿಲ ಸಾಲದಾದೀತು. ಕಂಬಳಿ ಬಿಟ್ಟಾವ ಕೆಟ್ಟಾನು.* ಆ ವರ್ಷ ಹಂಗ ಆತು. ಬ್ಯಾನಿ ಬಂತು, ಹೋತು, ಹಿಂಡ ಬೆಳೀತು. ನನ್ನ ಸೊಸಿ ಅದನ್ನ ಸ್ಟೇಟಸ್ ಇಟ್ಟಿದ್ಲು. ಅದರಾಗ ಹಿಡಸೂವಷ್ಟು ಹಿಡಸ್ತು, ಉಳಿದದ್ದು ಹೊರಗ ಉಳೀತು. ಹಿಡಿಸಿದ್ದನ್ನ ಯಾರೋ ತೊಗೊಂಡು ಊರ ತುಂಬ ಹಂಚ್ಯಾರ.”

ಯಾರೂ ಮೋಸ ಮಾಡಿರಲಿಲ್ಲ. ದೇವರು ಪೂರ್ತಿ ಹೇಳಿದ್ದ, ಪೂಜಾರಿ ಪೂರ್ತಿ ಹೇಳಿದ್ದ, ಫೋನು ಅರ್ಧಕ್ಕೆ ಕತ್ತರಿಸಿತ್ತು. ಟೆಂಪೊದವನು ಗೊಣಗುತ್ತ ಒಂದು ಚಹಾ ಕುಡಿದು ಖಾಲಿ ಗಾಡಿ ತಿರುಗಿಸಿಕೊಂಡು ಹೋದ. ಬಾಳಕ್ಕ ಅಳುತ್ತಲೇ ನಗುತ್ತ ದೊಡ್ಡಿಯ ಬಾಗಿಲು ತೆಗೆದಳು. ಚೆನ್ನವ್ವ ತಮ್ಮನ ಬೆನ್ನಿಗೆ ಒಂದು ಗುದ್ದಿ, “ಅಕ್ಕಗ ಹುಚ್ಚು ಹಿಡದ್ರ ನಿನಗೂ ಹಿಡೀಬೇಕೇನೋ!” ಎಂದು ಎಲ್ಲರನ್ನೂ ನಗಿಸಿದಳು. ಆ ದಿನ ಹಟ್ಟಿಯಲ್ಲಿ ಝುಣಕ, ರೊಟ್ಟಿ, ಗಟ್ಟಿ ಮೊಸರು. ಚೆನ್ನವ್ವ ಹೊಟ್ಟೆ ತುಂಬ ಉಂಡಳು.

ಬರುವಾಗ ಬಸ್ಸಿನಲ್ಲಿ ವೃಷಾಲಿಗೆ ಕಿಟಕಿಯಾಚೆಯ ಕಬ್ಬೂ ಕಾಣಲಿಲ್ಲ, ಊರೂ ಕಾಣಲಿಲ್ಲ. ಸಿಕ್ಕಿತ್ತು! ಇಷ್ಟು ದಿನ ಯಾವ ದೇಶದ ಪುಸ್ತಕದಲ್ಲೋ ಹುಡುಕಿದ್ದು ಅತ್ತೆಯ ತವರಿನ ಕಂಬಳಿಯ ಅಂಚಿನಲ್ಲಿತ್ತು. ಯಾರು ಹೇಳಿದರು, ಯಾವಾಗ ಹೇಳಿದರು, ಪೂರ್ತಿ ಹೇಳಿದರೇ, ಯಾರು ಕೇಳಿದರು. ಇದಕ್ಕಿಂತ ಒಳ್ಳೆಯ ಪಾಠ ಇನ್ನೇನು ಬೇಕು? ಅವಳಿಗೆ ಎದ್ದು ಕಂಡಕ್ಟರನಿಗೂ ಹೇಳಬೇಕೆನಿಸಿತು.

ಮರುದಿನ ತರಗತಿಯಲ್ಲಿ ನೆಲಕ್ಕೆ ಕಂಬಳಿ ಹಾಸಿ, ಐದು ಮಕ್ಕಳಿಗೆ ಅಂಚು ಹಿಡಿಸಿ, ಪಾಠ ಮಾಡಿದಳು. ಮಕ್ಕಳು ಹುಚ್ಚೆದ್ದು ಕಲಿತರು. “ನಮ್ಮ ಅತ್ತಿ ಏನ ಮಾಡಿದ್ರು ಗೊತ್ತೇನು?” ಎಂದು ಅವಳು ಚೆನ್ನವ್ವನಂತೆಯೇ ಸೆರಗು ಸರಿಪಡಿಸಿಕೊಂಡು, “ಬೀರಪ್ಪ ಹೇಳ್ಯಾನ!” ಎಂದು ಅದೇ ದನಿಯಲ್ಲಿ ಹೇಳಿದಾಗ ತರಗತಿ ಬಿದ್ದು ಬಿದ್ದು ನಕ್ಕಿತು. ಒಬ್ಬ ಶಿಕ್ಷಕಿ ಅದನ್ನೆಲ್ಲ ಫೋನಿನಲ್ಲಿ ವಿಡಿಯೊ ಹಿಡಿದುಕೊಟ್ಟಳು. ವೃಷಾಲಿ ಉತ್ಸಾಹದ ಭರದಲ್ಲಿ ಅದನ್ನು ಉಜ್ವಲಾಬಾಯಿಗೂ ಕಳಿಸಿದಳು, ಪಾಲಕರ ಗುಂಪಿಗೂ ಹಾಕಿದಳು.

“ಫಾರ ಛಾನ್! ಭಾಳ ಛಲೋ ಆಗೇತಿ!” ಎಂದು ಉಜ್ವಲಾಬಾಯಿ ಸಂಜೆಯೊಳಗೇ ಫೋನು ಮಾಡಿದರು. “ವೃಷಾಲಿ, ಕೋಲ್ಹಾಪುರಕ್ಕ ನೀನ ಹೋಗೂದು. ಇದ ಪಾಠ ತೋರ್ಸು.”

ವೃಷಾಲಿ ಪೇಢೆ ಕೊಂಡುಕೊಂಡು ಮನೆಗೆ ಬಂದಳು. ಪೇಢೆಗಿಂತ ಮೊದಲು ಪಾಠ ಓಣಿಗೆ ಬಂದಿತ್ತು. ನಳದ ಕಟ್ಟೆಯಲ್ಲಿ ಮುಕ್ತಾಬಾಯಿ ಕೊಡ ತುಂಬುತ್ತ ಎಲ್ಲರೆದುರು ಚೆನ್ನವ್ವನನ್ನು ಕೇಳಿದ್ದಳಂತೆ: “ಕಾಯ್ ಗ ಚೆನ್ನಾ, ಮೇಂಢರಂ ವಿಕಾಯಲಾ ಗೇಲೀ ಹೋತೀಸ ಮ್ಹಣೇ?” ಕುರಿ ಮಾರಿಸಲು ಹೋಗಿದ್ದೆಯಂತೆ ಎಂಬ ಆ ಒಂದು ಮಾತಿಗೆ ಕಟ್ಟೆಯ ಹೆಂಗಸರೆಲ್ಲ ನಕ್ಕರು. ಒಬ್ಬಳು ಸೆರಗು ಎಳೆದುಕೊಂಡು, “ಬೀರಪ್ಪ ಹೇಳ್ಯಾನ!” ಎಂದಳು. ಚೆನ್ನವ್ವ ತುಂಬದ ಕೊಡವನ್ನೇ ಎತ್ತಿಕೊಂಡು ಬಂದುಬಿಟ್ಟಿದ್ದಳು.

ಆ ಸಂಜೆ ಮನೆಯಲ್ಲಿ ಬದನೆಕಾಯಿ ಎಣ್ಣೆಗಾಯಿ. ಚೆನ್ನವ್ವ ಬಡಿಸಿದಳು, ಬಾಯಿ ಬಿಡಲಿಲ್ಲ. ಮರುದಿನ ಬೆಳಗ್ಗೆ ಬದನೆಕಾಯಿ ಪಲ್ಯ. ಸಂಜೆ ಸುಟ್ಟ ಬದನೆಕಾಯಿ ಭರ್ತ. ಅದರ ಮರುದಿನ ಬದನೆಕಾಯಿ ಹುಳಿ.

“ಅವ್ವಾ, ಪ್ಯಾಟ್ಯಾಗ ಬ್ಯಾರೆ ಕಾಯಿಪಲ್ಲೆ ಇಲ್ಲೇನು?” ಎಂದ ಅಪ್ಪು ತಡೆಯಲಾರದೆ.

“ಹೇಳಾಕ ಪುರಾಣ, ತಿನ್ನಾಕ ಬದನಿಕಾಯಿ,” ಎಂದಳು ಚೆನ್ನವ್ವ ಗೋಡೆಗೆ. “ಈ ಮನ್ಯಾಗ ಪುರಾಣ ಹೇಳಾವರ ಅದಾರ. ತಿನ್ಲಿ.”

ವೃಷಾಲಿ ಎತ್ತಿದ ತುತ್ತನ್ನು ತಾಟಿಗೆ ಇಳಿಸಿದಳು. “ಅತ್ತಿ, ನಾ ಏನ ಸುಳ್ಳ ಹೇಳಿಲ್ಲಲ್ರಿ. ನಡೆದದ್ದ ಹೇಳಿದೆ. ಮಕ್ಕಳ ಒಳ್ಳೇದಕ್ಕ...”

“ಆಯೀ,” ಎಂದಳು ಪ್ರಿಯದರ್ಶನಿ ತಾಟಿನಿಂದ ತಲೆಯೆತ್ತಿ ತಾಯಿಯ ಕಡೆ ನೋಡಿ, “ನಾ ಗೆಳತಿ ಫೋಟೋ ಸ್ಟೇಟಸ್ ಇಟ್ಟಾಗ ನೀ ಏನ ಬೈದಿದ್ದಿ? ‘ಅಕೀನ ಕೇಳೀಯೇನು?’ ಅಂತ ಅಂದಿದ್ದಿ. ಅಜ್ಜೀನ ಕೇಳಿದ್ಯಾ?”

ಗೋಡೆಯಾಚೆ ಮಗ್ಗಗಳು ಬಡಿಯುತ್ತಲೇ ಇದ್ದವು. “ಏನಂದ್ಲು?” ಎಂದು ಯಮನಪ್ಪ ಅರ್ಧ ಕಿವಿ ಮುಂದೆ ತಂದ. ಅವನಿಗೆ ಹೇಳುವ ಧೈರ್ಯ ಯಾರಿಗೂ ಆಗಲಿಲ್ಲ.

ವೃಷಾಲಿಗೆ ನಾಚಿಕೆಯಾಯಿತು. ಆದದ್ದು ಆಯಿತೆಂದು ಬಿಡುವಷ್ಟು ಸಣ್ಣ ನಾಚಿಕೆಯಲ್ಲ, ತರಗತಿಯ ಮುಂದೆ ನಿಲ್ಲಲು ಕಾಲು ಹಿಂಜರಿಯುವಷ್ಟು. ಗುಂಪಿನಿಂದ ಅದನ್ನು ತೆಗೆದುಹಾಕಿದಳು. ಆಗಲೇ ಎಷ್ಟೋ ಜನ ಇಳಿಸಿಕೊಂಡಿದ್ದರು. ಒಬ್ಬೊಬ್ಬರಿಗೂ ಫೋನು ಮಾಡಿ ಅಳಿಸಿರೆಂದು ಕೇಳಿಕೊಂಡಳು. ಮಾಡುತ್ತೇವೆ ಎಂದರು, ಮಾಡಿದರೋ ಬಿಟ್ಟರೋ. ಬಾಯಿಂದ ಬಿದ್ದ ಮಾತು, ಕೈಯಿಂದ ಜಾರಿದ ಮುತ್ತು ಎನ್ನುತ್ತಾರೆ. ಫೋನಿನಿಂದ ಜಾರಿದ್ದು ಅದಕ್ಕಿಂತ ದೂರ ಉರುಳುತ್ತದೆ.

ಕೋಲ್ಹಾಪುರದ ರವಿವಾರ ಹತ್ತಿರ ಬರುತ್ತಿತ್ತು. “ಹೆಸರ ತಗದು ಹೇಳು,” ಎಂದರು ಉಜ್ವಲಾಬಾಯಿ. “ಯಾರೋ ಒಬ್ಬಾಕಿ ಅಂತ ಹೇಳು.”

“ಜಿಲ್ಲಾದಾಗ ನೋಡಿದಾವರು ನೋಡ್ಯಾರ್ರಿ ಬಾಯಿ. ಹೆಸರ ತಗದ್ರೂ ಕಥಿ ಅವರದ.”

“ಮತ್ತ ಬ್ಯಾರೆ ಪಾಠ ಐತೇನು?”

ಇರಲಿಲ್ಲ. ಅದೊಂದೇ ಇತ್ತು, ಅದರ ಒಡತಿ ಮಾತು ಬಿಟ್ಟಿದ್ದಳು.

ಮರುದಿನ ನೀರು ಬಿಡುವ ಹೊತ್ತಿಗೆ ವೃಷಾಲಿ ತಾನೇ ಕೊಡ ಹಿಡಿದು ನಳದ ಕಟ್ಟೆಗೆ ಹೋದಳು. ಚೆನ್ನವ್ವ ಸಾಲಿನಲ್ಲಿದ್ದಳು, ಮುಕ್ತಾಬಾಯಿ ಅವಳ ಹಿಂದೆ. ವೃಷಾಲಿ ಕೊಡ ಕೆಳಗಿಟ್ಟು, ಮಗ್ಗಗಳ ಸದ್ದನ್ನು ಮೀರಿ ಎಲ್ಲರಿಗೂ ಕೇಳುವಂತೆ ಹೇಳಿದಳು: “ಅತ್ತಿ, ಗಡಹಿಂಗ್ಲಜದಾಗ ನಡೆದದ್ದು ನಿಮ್ಮ ಮಾತು. ನಾ ನಿಮ್ಮನ್ನ ಕೇಳ್ದ ಸಾಲ್ಯಾಗ ಹೇಳಿದೆ, ನಿಮ್ಮ ದನಿ ಮಾಡಿ ನಗಿಸಿದೆ, ಊರಿಗೆ ಹಂಚಿದೆ. ನೀವು ಅರ್ಧಾ ಮಾತ ನಂಬಿದ್ರಿ, ನಾನೂ ಅರ್ಧಾನ ಹೇಳಿದೆ. ತಮ್ಮನ ಮ್ಯಾಲಿನ ಜೀವಕ್ಕ ಮಾಡಿದ್ರಿ ಅನ್ನೂದನ್ನ ಹೇಳ್ಲಿಲ್ಲ. ತಪ್ಪಾತು.” ಬಗ್ಗಿ ಕಾಲು ಮುಟ್ಟಿದಳು. “ಕೋಲ್ಹಾಪುರದಾಗ ಅದನ್ನ ಹೇಳ್ಲಿ ಅಂತೀರೋ, ಬ್ಯಾಡ ಅಂತೀರೋ? ನೀವು ಬ್ಯಾಡ ಅಂದ್ರ ಹೇಳಾಂಗಿಲ್ಲ.”

ಚೆನ್ನವ್ವ ಕೊಡ ತುಂಬುವವರೆಗೆ ಕಾದು, ತಲೆಯ ಮೇಲಿಟ್ಟುಕೊಂಡು, ಒಂದು ಮಾತಿಲ್ಲದೆ ನಡೆದಳು. ಆ ದಿನವೂ ಬದನೆಕಾಯಿ.

“ಸುಮ್ಮನಿದ್ರ ಹೂಂ ಅಂದಂಗ,” ಎಂದ ಅಪ್ಪು ಶನಿವಾರ ಸಂಜೆ. “ಅವ್ವ ಬ್ಯಾಡ ಅಂದಿಲ್ಲಲ್ಲ. ಹೇಳಿ ಬಾ.”

“ಸುಮ್ಮನಿದ್ರ ಸುಮ್ಮನಿದ್ದಂಗ. ಹೂಂ ಅಂದ್ರ ಅಷ್ಟ ಹೂಂ,” ಎಂದಳು ವೃಷಾಲಿ ಸೀರೆಗೆ ಇಸ್ತ್ರಿ ಹಾಕುತ್ತ. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು.

ಕೋಲ್ಹಾಪುರದ ಸಭಾಗೃಹ ತುಂಬಿತ್ತು. ಗಡಹಿಂಗ್ಲಜ, ಚಂದಗಡ, ಕುರುಂದವಾಡದ ಕಡೆಯಿಂದ ಮಾಸ್ತರರು, ಅಕ್ಕೋರು ಬಂದಿದ್ದರು. ವೃಷಾಲಿ ಮಡಚಿದ ಕಂಬಳಿಯನ್ನು ಎದೆಗವಚಿಕೊಂಡು ತನ್ನ ಸರದಿ ಕಾಯುತ್ತಿದ್ದಳು. ಮುಂದಿನ ಸಾಲಿನಲ್ಲಿ ಉಜ್ವಲಾಬಾಯಿ ಕೈಬೆರಳು ಹೆಣೆದುಕೊಂಡು ಕೂತಿದ್ದರು.

ಹೆಸರು ಕೂಗಿದಾಗ ಅವಳು ಎದ್ದು ವೇದಿಕೆಯ ಮೇಲೆ ಕಂಬಳಿ ಹಾಸಿದಳು. ಐವರು ಶಿಕ್ಷಕರನ್ನು ಕರೆದು ಅಂಚು ಹಿಡಿಸಿದಳು. ಹಟ್ಟಿಯ ರಿವಾಜು ಹೇಳಿದಳು. ಅದು ಹಟ್ಟಿಯದೆಂದು ಹಾಲಸಿದ್ದನನ್ನೂ ಮಲ್ಲಾರಿಯನ್ನೂ ಫೋನಿನಲ್ಲಿ ಕೇಳಿಯೇ ಬಂದಿದ್ದಳು. ಆಮೇಲೆ ನಿಂತಳು.

“ಇಲ್ಲಿಗೆ ಒಂದು ಉದಾಹರಣೆ ಬೇಕು,” ಎಂದಳು. “ನನ್ನ ಹತ್ತಿರ ಬಹಳ ಒಳ್ಳೆಯದೊಂದು ಇದೆ. ನಿಮ್ಮಲ್ಲಿ ಕೆಲವರು ನೋಡಿಯೂ ಇದ್ದೀರಿ. ಅದು ನನ್ನದಲ್ಲ. ಯಾರದೋ ಅವರನ್ನು ಕೇಳದೆ ಹಂಚಿದೆ. ಡಿಜಿಟಲ್ ನಾಗರಿಕತ್ವ ಕಲಿಸುವ ಅಕ್ಕೋರು ಮಾಡಿದ ತಪ್ಪು ಅದು. ಈಗ ಕೇಳಿದ್ದೇನೆ, ಉತ್ತರ ಬಂದಿಲ್ಲ. ಅದಕ್ಕೇ ಇವತ್ತು ಆ ಜಾಗ ಖಾಲಿ ಬಿಡುತ್ತೇನೆ. ನೀವು ನಿಮ್ಮ ಶಾಲೆಗೆ ಹೋಗಿ ಬೇರೇನೂ ಕಲಿಸದಿದ್ದರೂ ಈ ಖಾಲಿ ಜಾಗ ತೋರಿಸಿರಿ.”

ಹಿಂದಿನ ಸಾಲಿನಲ್ಲಿ ಚಂದಗಡದ ಕಡೆಯ ಒಬ್ಬ ಹಿರಿಯ ಮಾಸ್ತರ ಮೆಲ್ಲಗೆ ಚಪ್ಪಾಳೆ ಶುರು ಮಾಡಿದ. ಅದು ಮುಂದಕ್ಕೆ ಹಬ್ಬುತ್ತಿರುವಾಗಲೇ ವೃಷಾಲಿಯ ಕೈಯಲ್ಲಿದ್ದ ಫೋನು ನಡುಗಿತು. ಅತ್ತೆಯ ಹೆಸರು. ದನಿಯ ಸಂದೇಶ. ಕೆಳಗೆ ಪ್ರಿಯದರ್ಶನಿ ಬರೆದಿದ್ದಳು: ‘ಎಲ್ಲಾರ ಮುಂದ ಹಚ್ಚು ಅಂದಾಳ ಅಜ್ಜಿ.’

“ಉತ್ತರ ಬಂತು,” ಎಂದವಳೇ ಫೋನನ್ನು ಮೈಕಿಗೆ ಹಿಡಿದಳು. ಮೊದಲು ಮಗ್ಗಗಳ ಖಟಾಖಟ, ಅದರ ಮೇಲೆ ಚೆನ್ನವ್ವನ ಗಂಟಲು:

“ನಾ ಚೆನ್ನವ್ವ. ಇಚಲಕರಂಜ್ಯಾಗ ನನ್ನ ಮನ್ಯಾಗ ಕುಂತು, ಈ ವರ್ಷ, ಇವತ್ತಿನ ರವಿವಾರ ಹೇಳಾಕತ್ತೇನಿ. ಅರ್ಧಾ ನುಡಿ ಕೇಳಿ ನನ್ನ ತಮ್ಮನ ಹಿಂಡ ಮಾರಸಾಕ ಹೊಂಟಿದ್ದೆ. ಐದು ಹೆಸರ ಕೇಳೂದ ಮರತಿದ್ದೆ. ಅದು ನನ್ನ ತಪ್ಪು. ಕೇಳ್ದ ಊರಿಗೆ ಹೇಳಿದ್ದು ನನ್ನ ಸೊಸಿ ತಪ್ಪು. ಅಕಿ ನಳದ ಕಟ್ಟಿ ಮ್ಯಾಲ ಮಂದ್ಯಾಗ ಒಪ್ಪಿಕೊಂಡ್ಲು, ನಾನೂ ಮಂದ್ಯಾಗ ಒಪ್ಪತೇನಿ. ಇನ್ನ ಮ್ಯಾಲ ಈ ಮಾತ ನಿಮ್ಮ ಮಕ್ಕಳಿಗೆ ಹೇಳ್ರಿ. ಹೇಳಿದ್ರ ಪೂರ್ತಿ ಹೇಳ್ರಿ. ನಾ ಹೇಳೂದನ್ನ ಕೇಳಿದಾವರು: ನನ್ನ ಮಗ ಅಪ್ಪು. ಮೊಮ್ಮಗಳು ಪ್ರಿಯದರ್ಶನಿ. ಬಾಜೂ ಮನೀ ಮುಕ್ತಾಬಾಯಿ. ನನ್ನ ತಮ್ಮನ ಹೆಂಡ್ತಿ ಬಾಳಕ್ಕ, ಫೋನ್‌ದಾಗ. ಮತ್ತ ನನ್ನ ಯಜಮಾನ್ರು ಯಮನಪ್ಪ. ಅವರದ ಅರ್ಧಾ ಕಿವಿ, ಆದ್ರೂ ಲೆಕ್ಕಕ್ಕ ಹಿಡೀರಿ.”

ಸಭೆಗೆ ಸಭೆಯೇ ನಕ್ಕಿತು. ಈ ನಗೆಯಲ್ಲಿ ಅಪಹಾಸ್ಯ ಇರಲಿಲ್ಲ. ಉಜ್ವಲಾಬಾಯಿ ಎದ್ದೇ ನಿಂತಿದ್ದರು. ಕಂಬಳಿಯ ಅಂಚು ಹಿಡಿದ ಐವರೂ ಅದನ್ನು ಬಿಡದೆಯೇ ನಗುತ್ತಿದ್ದರು. ವೃಷಾಲಿಯ ಕಣ್ಣಲ್ಲಿ ನೀರು ತುಂಬಿ ಮುಂದಿನ ಸಾಲು ಕಲಸಿಹೋಯಿತು. ಸಂದೇಶ ಮುಗಿಯಿತೆಂದು ಅವಳು ಕೈ ಇಳಿಸುವಷ್ಟರಲ್ಲಿ ಮಗ್ಗಗಳ ಸದ್ದಿನ ನಡುವೆ ಮತ್ತೆ ಅದೇ ಗಂಟಲು, ಈಗ ಸ್ವಲ್ಪ ಮೆತ್ತಗೆ:

“ವೃಷಾಲಿ, ಬರೂ ಮುಂದ ಪ್ಯಾಟ್ಯಾಗ ಹಾಯ್ದು ಕಾಯಿಪಲ್ಲೆ ತೊಗೊಂಡು ಬಾ. ಬದನಿಕಾಯಿ ಬ್ಯಾಡ. ಸಾಕಾಗೇತಿ.”